ನೆಲದಡಿಯ ಕಟ್ಟಡ ಮತ್ತು ಅಂತರ್ಜಲ



ರಾಮಮೂರ್ತಿ ನಗರದ ಕಡೆ ಮಳೆಗಾಲದ ಕೊನೆಯಲ್ಲಿ ನೆಲಮಾಳಿಗೆಗೆಂದು ಗುಂಡಿ ತೆಗೆದವರಿಗೆ ಒಂದು ವಿಚಿತ್ರ ಎದುರಾಗುವುದುಂಟು. ಪಕ್ಕದ ಮನೆಯ ಕೊಳವೆಬಾವಿ ನೂರಾರು ಅಡಿ ಇಳಿದರೂ ಬತ್ತಿರುತ್ತದೆ. ಇವರ ಹತ್ತಡಿ ಗುಂಡಿಯಲ್ಲಿ ಮಾತ್ರ ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ನೀರು! 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದ ಊರಿನಲ್ಲಿ ಈ ನೀರು ಎಲ್ಲಿಂದ ಬಂತು?

ಬೆಂಗಳೂರಿನ ತಳದಲ್ಲಿರುವುದು ಪುರಾತನವಾದ ಗ್ರಾನೈಟ್ ಮತ್ತು ನೈಸ್ ಶಿಲೆ. ಕೊಳವೆಬಾವಿ ನೀರನ್ನು ಹುಡುಕುವುದು ಆ ಬಂಡೆಯ ಬಿರುಕುಗಳಲ್ಲಿ. ಬಂಡೆಯ ಮೇಲೆ ಶಿಥಿಲಗೊಂಡ ಕಲ್ಲು, ಗರಸು, ಕೆಂಪುಮಣ್ಣು ಹೊದಿಕೆಯಂತೆ ಹರಡಿವೆ. ಇಂಗಿದ ಮಳೆನೀರು ಮೊದಲು ನಿಲ್ಲುವುದು ಈ ಹೊದಿಕೆಯಲ್ಲಿ. ಹಿಂದಿನವರ ಸೇದುವ ಬಾವಿಗಳು ಬದುಕಿದ್ದುದು ಇದರಿಂದಲೇ. ಹೆಬ್ಬಾಳ, ನಾಗವಾರ, ಕಲ್ಕೆರೆ, ರಾಂಪುರ, ಎಲೆಮಲ್ಲಪ್ಪ ಶೆಟ್ಟಿ ಕೆರೆ, ಹೀಗೆ ಒಂದರ ಕೋಡಿ ಮತ್ತೊಂದಕ್ಕೆ ಹರಿಯುವ ಕೆರೆಸಾಲಿನ ಬದಿಯ ತಗ್ಗಿನಲ್ಲಂತೂ ನೀರಿನ ಮಟ್ಟ ಇನ್ನೂ ಮೇಲಿರುತ್ತದೆ.

ಪಂಪು ಹಾಕಿ ತೆಗೆದರಾಯಿತು ಎನ್ನುತ್ತೀರಾ? ನೀರು ಒಳಗೆ ಜಿನುಗುವುದು ಸಣ್ಣ ತೊಂದರೆ; ಕಟ್ಟಡವನ್ನು ಕೆಳಗಿನಿಂದ ಎತ್ತುವುದು ದೊಡ್ಡದು. ನೀವು ಶಾಲೆಯಲ್ಲಿ ಓದಿದ ಆರ್ಕಿಮಿಡೀಸನ ನಿಯಮ ದೋಣಿಗೆ ಮಾತ್ರವಲ್ಲ, ನೆಲಮಾಳಿಗೆಗೂ ಅನ್ವಯಿಸುತ್ತದೆ. 9 ಮೀಟರ್ ಅಗಲ, 12 ಮೀಟರ್ ಉದ್ದದ ನೆಲಮಾಳಿಗೆಯೊಂದನ್ನು ಊಹಿಸಿಕೊಳ್ಳಿ. ಅದರ ತಳ 3 ಮೀಟರ್ ಆಳದಲ್ಲಿದೆ. ಅಂತರ್ಜಲ ನೆಲದಿಂದ 1.5 ಮೀಟರ್ ಕೆಳಗೆ ನಿಂತಿದೆ. ಅಂದರೆ ತಳಕ್ಕಿಂತ 1.5 ಮೀಟರ್ ಮೇಲೆ. ಆಗ ತಳದ ಪ್ರತಿ ಚದರ ಮೀಟರನ್ನೂ ನೀರು 1.5 ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ಒಟ್ಟು 162 ಟನ್! ಆನೆಯೊಂದಕ್ಕೆ 4 ಟನ್ ಎಂದರೆ ನಲವತ್ತು ಆನೆಗಳು ಕೆಳಗಿನಿಂದ ಬೆನ್ನು ಕೊಟ್ಟಂತೆ. 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಳ ಚದರ ಮೀಟರಿಗೆ ತೂಗುವುದು ಅರ್ಧ ಟನ್ ಮಾತ್ರ.

ಆದ್ದರಿಂದ ಮೇಲಿನ ಮಹಡಿಗಳು ಎದ್ದು ಸಾಕಷ್ಟು ಭಾರ ಕೂಡುವವರೆಗೆ ಪಂಪು ನಿಲ್ಲಬಾರದು. ಮಳೆಯ ರಾತ್ರಿ ಕರೆಂಟು ಹೋದರೆ ಡೀಸೆಲ್ ಪಂಪು ಸಿದ್ಧವಿರಬೇಕು. ಮಹಡಿಗಳು ಎದ್ದ ಮೇಲೂ ಕಂಬಗಳ ನಡುವಿನ ತಳ ಮೇಲಕ್ಕೇ ಬಾಗಲು ಹವಣಿಸುತ್ತದೆ. ಮಾಮೂಲಿ ತಾರಸಿ ಬಾಗುವುದು ಕೆಳಕ್ಕೆ, ಇದು ತದ್ವಿರುದ್ಧ. ಹಾಗಾಗಿ ಇಲ್ಲಿ ಕಂಬಗಳ ನಡುವೆ ಉಕ್ಕಿನ ಸರಳುಗಳು ಮೇಲ್ಭಾಗದಲ್ಲೂ ಬೇಕು. ತಾರಸಿಯ ಅಭ್ಯಾಸದಲ್ಲೇ ಕೆಳಗೆ ಮಾತ್ರ ಕಟ್ಟಿದರೆ ತಳ ಬಿರುಕು ಬಿಟ್ಟು ನೀರು ಚಿಮ್ಮುತ್ತದೆ.

ಇನ್ನೊಂದು ಸಂಗತಿಯನ್ನು ಎಷ್ಟೋ ಜನ ಗಮನಿಸುವುದಿಲ್ಲ. ಗೋಡೆಯ ಹೊರಗೆ ಉಳಿದ ಸಂದಿಗೆ ಸಡಿಲ ಮಣ್ಣು ತುಂಬಿಬಿಡುತ್ತಾರೆ. ಸುತ್ತಲಿನ ಗಟ್ಟಿ ಜೇಡಿಯ ನಡುವೆ ಆ ಸಂದಿ ಬಾವಿಯಾಗುತ್ತದೆ. ಚಾವಣಿಯ ನೀರೂ ಅಲ್ಲಿಗೇ ಇಳಿದರೆ ಕೇಳುವುದೇ ಬೇಡ. ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಬೇಕು.

ನೆಲಮಾಳಿಗೆಯ ನೀರಿನಲ್ಲಿ ವಿದ್ಯುತ್ತಿನ ಅಪಾಯವೂ ಉಂಟು. 2025ರ ಮೇ ತಿಂಗಳಲ್ಲಿ ಬಿ.ಟಿ.ಎಂ. ಬಡಾವಣೆಯ ಕಡೆ ವಸತಿ ಸಮುಚ್ಚಯವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿತು. ಅದನ್ನು ಪಂಪಿನಿಂದ ತೆಗೆಯುವಾಗ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು; ಅವರಲ್ಲೊಬ್ಬ ಬಾಲಕ. ನೀರಿನಲ್ಲಿ ನಿಂತು ಪಂಪಿನ ತಂತಿ ಮುಟ್ಟುವುದು ಮನೆಯವರ ಕೆಲಸವಲ್ಲ.

ದೊಡ್ಡ ಕಾಮಗಾರಿಗಳಲ್ಲಿ ನೀರನ್ನು ಹೊರಹಾಕುವುದಕ್ಕಿಂತ ಒಳಬರದಂತೆ ತಡೆಯುವುದಕ್ಕೇ ಹೆಚ್ಚು ಗಮನ. ನಮ್ಮ ಮೆಟ್ರೋದ ‘ಊರ್ಜಾ’ ಯಂತ್ರ ಕಂಟೋನ್ಮೆಂಟಿನಿಂದ ಕೊರೆಯುತ್ತ 2021ರ ಸೆಪ್ಟೆಂಬರಿನಲ್ಲಿ ಶಿವಾಜಿನಗರದಲ್ಲಿ ಹೊರಬಂತು. ಇಂಥ ಸುರಂಗಕ್ಕೆ ಯಂತ್ರದ ಹಿಂದೆಯೇ ಕಾಂಕ್ರೀಟ್ ಉಂಗುರಗಳನ್ನು ಜೋಡಿಸುತ್ತಾರೆ. ಕೀಲುಗಳಲ್ಲಿ ಒತ್ತಿ ಕೂತ ರಬ್ಬರ್ ಪಟ್ಟಿ ನೀರನ್ನು ತಡೆಯುತ್ತದೆ. ಮೇಲೆ ಹಳೆಯ ಮನೆಗಳ ಸಾಲೇ ಇರುವಾಗ ಮನಬಂದಂತೆ ನೀರೆತ್ತುವಂತಿಲ್ಲ. ನೀರಿನೊಂದಿಗೆ ಮಣ್ಣೂ ಹೋದರೆ ನೆಲ ಕುಸಿಯುತ್ತದೆ.

ಗುಂಡಿಯೊಂದರ ಬಳಿ ಹಾದುಹೋಗುವಾಗ ಬೇಲಿಯ ಹೊರಗೇ ನಿಂತು ಪಂಪಿನ ಕೊಳವೆಯ ಬಾಯಿಯನ್ನು ನೋಡಿ. ತಿಳಿನೀರು ಬರುತ್ತಿದ್ದರೆ ಜಲ್ಲಿಯ ಸೋಸುಪದರ ಕೆಲಸ ಮಾಡುತ್ತಿದೆ. ದಿನವೂ ಕೆಂಪು ಕೆಸರೇ ಬರುತ್ತಿದ್ದರೆ ಅದು ಪಕ್ಕದ ಮನೆಯ ಅಡಿಪಾಯದ ಮಣ್ಣಿದ್ದೀತು.