ಅಜ್ಜಿಯ ಹನ್ನೊಂದು ಕ್ಯಾಸೆಟ್ ಮತ್ತು ಮನೆಯ ಸರ್ವರ್

ನಾಗಪುರದಿಂದ ಮಾತಾಡ್ತಿದ್ದೀನಿ. ಊರು ಗದಗ, ಓದಿದ್ದು ಎಂಟೆಕ್, ಕೆಲಸ ಇಲ್ಲಿ ಮಿಹಾನ್‌ನಲ್ಲಿ. ಇವತ್ತಿನ ವಿಷಯ: ಮನೆಯ ಫೋಟೋ, ವಿಡಿಯೋ, ಕಾಗದಪತ್ರ ಎಲ್ಲ ಇಡೋಕೆ ಮನೆಯಲ್ಲೇ ಒಂದು ಸರ್ವರ್ ಮಾಡೋದಾದ್ರೆ ಯಾವ ಸಾಫ್ಟ್‌ವೇರ್ ಹಾಕಬೇಕು ಅನ್ನೋದು. ಸ್ಲೈಡ್ ಮಾಡಿಲ್ಲ. ಮೊದಲು ನಾನು ಮಾಡಿದ ಒಂದು ಘನಂದಾರಿ ಕೆಲಸ ಹೇಳಿಬಿಡ್ತೀನಿ.

2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಫೋಟೋ ಪುಕ್ಕಟೆ ಇಡೋದು ನಿಂತಿತಲ್ಲ, ನಮ್ಮಲ್ಲಿ ಎಷ್ಟೋ ಜನ ಮನೆಯ ಸರ್ವರ್ ಬಗ್ಗೆ ಯೋಚಿಸಿದ್ದೇ ಆವಾಗ. ನಾನೂ ಹಳೇ ಡೆಸ್ಕ್‌ಟಾಪ್ ತಗೊಂಡು ಓಪನ್‌ಮೀಡಿಯಾವಾಲ್ಟ್ ಹಾಕಿದೆ. 4 ಟಿಬಿಯ ಎರಡು ಡಿಸ್ಕ್, ರೇಡ್ 1. ಒಂದು ಸತ್ತರೆ ಇನ್ನೊಂದರಲ್ಲಿ ಎಲ್ಲಾ ಇರತ್ತೆ. ಆಫೀಸಿನಲ್ಲಿ ಕೂಡ ಜಂಬ ಕೊಚ್ಚಿಕೊಂಡೆ.

ಅದೇ ವರ್ಷ ಅಪ್ಪನ ಪೆಟ್ಟಿಗೆಯಲ್ಲಿ ಹನ್ನೊಂದು ಕ್ಯಾಸೆಟ್ ಸಿಕ್ಕವು. 1996ರಲ್ಲಿ ಅಪ್ಪ ಟೇಪ್ ರೆಕಾರ್ಡರ್ ಮುಂದಿಟ್ಟು ಅಜ್ಜಿಯಿಂದ ಹಾಡಿಸಿದ ಬೀಸುಕಲ್ಲಿನ ಪದ, ಸೋಬಾನೆ ಪದ. ಅಜ್ಜಿ 2004ರಲ್ಲಿ ಹೋದರು, ಅಪ್ಪ 2018ರಲ್ಲಿ. ಟೇಪಿಗೆ ಬೂಷ್ಟು ಹಿಡಿದಿತ್ತು. ಒಂದೊಂದನ್ನೇ ಒರೆಸಿ, ಲ್ಯಾಪ್‌ಟಾಪಿಗೆ ಜೋಡಿಸಿ, ಎರಡು ತಿಂಗಳು ಕೂತು ಡಿಜಿಟಲ್ ಮಾಡಿದೆ. ಆಮೇಲೆ ಮನೆಗೆ ಸುಣ್ಣ ಹೊಡೆಸುವಾಗ ಕ್ಯಾಸೆಟ್ ಎಸೆದದ್ದೂ ಆಯ್ತು. "ಇನ್ನೇನು, ಸರ್ವರಿನಲ್ಲಿ ಇದಾವಲ್ಲ" ಅಂದವನು ನಾನೇ.

ಹಾಡುಗಳು ಇದ್ದದ್ದು ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ. ಅದನ್ನ ಸರ್ವರಿಗೇ ಚುಚ್ಚಿದ್ದೆ. ರಾತ್ರಿ 2 ಗಂಟೆಗೆ ಆರ್‌ಸಿಂಕ್ ಓಡಿ ಅದರ ನಕಲು ರೇಡ್ ಮೇಲೆ ಬರ್ತಿತ್ತು. ನಕಲು ಅಚ್ಚುಕಟ್ಟಾಗಿ ಇರಲಿ ಅಂತ ಡಿಲೀಟ್ ಆಪ್ಷನ್ ಹಾಕಿದ್ದೆ: ಮೂಲದಲ್ಲಿ ಇಲ್ಲದ್ದು ನಕಲಿನಲ್ಲೂ ಇರಬಾರದು. ಮೇ ತಿಂಗಳ ಒಂದು ದಿನ ಕರೆಂಟ್ ಹೋಗಿ ಬಂತು. ಸರ್ವರ್ ಎದ್ದಿತು, ಎಕ್ಸ್‌ಟರ್ನಲ್ ಡಿಸ್ಕ್ ಏಳಲಿಲ್ಲ. ಸತ್ತೇ ಹೋಗಿತ್ತು. ಡಿಸ್ಕ್ ಮೌಂಟ್ ಆಗದಿದ್ರೆ ಲಿನಕ್ಸ್‌ನಲ್ಲಿ ಆ ಜಾಗದಲ್ಲಿ ಏನಿರತ್ತೆ? ಖಾಲಿ ಫೋಲ್ಡರ್. ಎರಡು ಗಂಟೆಗೆ ಆರ್‌ಸಿಂಕ್ ಬಂತು, ಮೂಲ ಖಾಲಿ ಅಂತ ನೋಡಿತು, ನಕಲನ್ನೂ ಖಾಲಿ ಮಾಡಿತು. ರೇಡ್ ಆ ಅಳಿಸುವಿಕೆಯನ್ನ ಎರಡೂ ಡಿಸ್ಕಿನ ಮೇಲೆ ನಿಷ್ಠೆಯಿಂದ ಬರೆಯಿತು. ನನಗೆ ಗೊತ್ತಾದದ್ದು ಹನ್ನೆರಡು ದಿನ ಆದ ಮೇಲೆ. ಅಷ್ಟರಲ್ಲಿ ಆ ಜಾಗದ ಮೇಲೆ ಮಗಳ ಹುಟ್ಟುಹಬ್ಬದ ವಿಡಿಯೋ ಕೂತಿದ್ದವು. ರಿಕವರಿ ಟೂಲ್ ಓಡಿಸಿದೆ, ಹೆಸರಿಲ್ಲದ ಚೂರುಪಾರು ಸಿಕ್ಕವು ಅಷ್ಟೇ.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೇ ದಿನ ಗದಗಿಗೆ ಫೋನ್ ಮಾಡಿ ಸೋದರತ್ತಿಗೆ ಹೇಳಿದೆ. ಅವರ ತಾಯಿಯ ದನಿ ಅಲ್ವಾ, ಹೇಳದೆ ಹೇಗಿರಲಿ. ಅತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೋ, ಅವ್ವನ ಪದ ನಾ ದಿನಾ ಮುಂಜಾನೆ ಕೇಳ್ತೀನಲ್ಲ. ನೀನ ಕೊಟ್ಟಿದ್ದಿ ಪೆನ್ ಡ್ರೈವ್, ಟೀವಿಗೆ ಸಿಗಸೇನಿ" ಅಂದರು. ನಾನು ಕೊಟ್ಟಿದ್ದು ಮರೆತೇಹೋಗಿತ್ತು. ಅದರಲ್ಲಿ ಒಂಬತ್ತು ಕ್ಯಾಸೆಟ್‌ನವು ಎಂಪಿ3 ರೂಪದಲ್ಲಿ ಇದ್ದವು. ಆವತ್ತಿಗೆ ಮುಗಿದಿದ್ದು ಅಷ್ಟೇ. ಉಳಿದ ಎರಡು ಹೋದವು. ಅವುಗಳಲ್ಲೊಂದರಲ್ಲಿ ಹಾಡಿನ ನಡುವೆ ಅಪ್ಪ ಏನೋ ಕೇಳ್ತಾರೆ, ಅಜ್ಜಿ ಬೈದು ನಗ್ತಾರೆ. ಅಪ್ಪನ ದನಿ ಇದ್ದದ್ದು ಅದೊಂದರಲ್ಲೇ.

ಈಗ ಸಾಫ್ಟ್‌ವೇರಿಗೆ ಬರ್ತೀನಿ. ತಪ್ಪು ಓಪನ್‌ಮೀಡಿಯಾವಾಲ್ಟ್‌ನದಲ್ಲ, ನನ್ನದು. ಅದು ಒಳ್ಳೇದೇ. 2011ರಿಂದ ಇದೆ, ಡೆಬಿಯನ್ ಮೇಲೆ ಕಟ್ಟಿದ್ದು, ಕಡಿಮೆ ಮೆಮೊರಿಯಲ್ಲೂ ಓಡತ್ತೆ, ರಾಸ್ಪ್‌ಬೆರಿ ಪೈ ಮೇಲೂ ಹಾಕಬಹುದು. ಆದರೆ ನಾನು ಮಾಡಿದ ಹಾಗೆ ಮಾಮೂಲಿ ರೇಡ್ ಮೇಲೆ ಎಕ್ಸ್ಟ್4 ಹಾಕಿದ್ರೆ ಹಿಂದಕ್ಕೆ ಹೋಗೋ ದಾರಿ ಇರೋದಿಲ್ಲ. ನನಗೆ ಬೇಕಾಗಿದ್ದು ಸ್ನ್ಯಾಪ್‌ಶಾಟ್. ಅದಕ್ಕೇ ಜೆಡ್‌ಎಫ್‌ಎಸ್ ಕಡೆ ಹೋದೆ.

ಜೆಡ್‌ಎಫ್‌ಎಸ್ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿದ್ದು, 2005ರಲ್ಲಿ ಅದರ ಸೋರ್ಸ್ ಕೋಡ್ ಹೊರಬಂತು. ಒಂದು ಫೈಲ್ ಬದಲಾದ್ರೆ ಹಳೇ ಬ್ಲಾಕಿನ ಮೇಲೆ ಬರೆಯೋದಿಲ್ಲ, ಹೊಸ ಜಾಗದಲ್ಲಿ ಬರೆಯತ್ತೆ. ಸ್ನ್ಯಾಪ್‌ಶಾಟ್ ಅಂದ್ರೆ "ಈ ಹೊತ್ತಿನ ಬ್ಲಾಕುಗಳನ್ನ ಬಿಟ್ಟುಕೊಡಬೇಡ" ಅಂತ ಒಂದು ಗುರುತು, ಅಷ್ಟೇ. ಕ್ಷಣದಲ್ಲಿ ಆಗತ್ತೆ, ಆಮೇಲೆ ಬದಲಾದಷ್ಟಕ್ಕೆ ಮಾತ್ರ ಜಾಗ ತಿನ್ನತ್ತೆ. ಆವತ್ತು ಇದಿದ್ದಿದ್ರೆ ಹನ್ನೆರಡಲ್ಲ, ಇಪ್ಪತ್ತು ದಿನ ಬಿಟ್ಟು ನೋಡಿದ್ರೂ ಹಾಡು ವಾಪಸ್ ಬರ್ತಿದ್ದವು. ಜೊತೆಗೆ ಪ್ರತಿ ಬ್ಲಾಕಿಗೂ ಚೆಕ್‌ಸಮ್ ಇದೆ. ಡಿಸ್ಕ್ ಸದ್ದಿಲ್ಲದೆ ತಪ್ಪು ಡೇಟಾ ಕೊಟ್ಟರೆ ಹಿಡಿಯತ್ತೆ, ಮಿರರ್ ಇದ್ರೆ ಇನ್ನೊಂದು ಡಿಸ್ಕ್ ನೋಡಿ ಸರಿ ಮಾಡತ್ತೆ. ಮಾಮೂಲಿ ರೇಡ್‌ಗೆ ಎರಡರಲ್ಲಿ ಯಾವುದು ಸರಿ ಅಂತ ಗೊತ್ತಾಗೋದೇ ಇಲ್ಲ.

ಹಾಗಾಗಿ ನಾನು ಆರಿಸಿಕೊಂಡಿದ್ದು ಟ್ರೂನಾಸ್. ಹಳಬರಿಗೆ ಫ್ರೀನಾಸ್ ಅಂದ್ರೆ ಗೊತ್ತಾಗತ್ತೆ. ದುಡ್ಡು ಕೊಡಬೇಕಿಲ್ಲ, 8 ಜಿಬಿ ಮೆಮೊರಿ ಬೇಕೇ ಬೇಕು, 16 ಇದ್ರೆ ಆರಾಮ. ಬೇರೆ ಬೇರೆ ಅಳತೆಯ ಹಳೇ ಡಿಸ್ಕ್ ಇಟ್ಟುಕೊಂಡು ಸಿನಿಮಾ ತುಂಬೋರಿಗೆ ಅನ್‌ರೇಡ್ ಚೆನ್ನಾಗಿ ಹೊಂದತ್ತೆ, ಆದರೆ ಲೈಸೆನ್ಸ್ ಕೊಳ್ಳಬೇಕು. ಸ್ನ್ಯಾಪ್‌ರೇಡ್ ಪುಕ್ಕಟೆ, ಆದರೆ ಸಿಂಕ್ ಓಡಿಸಿದಾಗ ಮಾತ್ರ ಪ್ಯಾರಿಟಿ ಲೆಕ್ಕ ಹಾಕತ್ತೆ, ನಡುವೆ ಹಾಕಿದ ಫೈಲಿಗೆ ರಕ್ಷಣೆ ಇಲ್ಲ. ಭಾನುವಾರ ಟರ್ಮಿನಲ್ ಮುಂದೆ ಕೂರೋ ಹುಚ್ಚು ಇಲ್ಲದವರು ಸಿನಾಲಜಿಯಂಥ ರೆಡಿ ಡಬ್ಬಿ ತಗೊಳ್ಳಿ, ನಾಚಿಕೆ ಏನಿಲ್ಲ. ಬಿಟಿಆರ್‌ಎಫ್‌ಎಸ್ ಇರೋ ಮಾಡೆಲ್ ನೋಡಿ ತಗೊಂಡ್ರೆ ಸ್ನ್ಯಾಪ್‌ಶಾಟೂ ಸಿಗತ್ತೆ.

ಡಿಸ್ಕ್ ಕೊಳ್ಳುವಾಗ ಸಿಎಂಆರ್ ಅಂತ ಖಚಿತ ಮಾಡ್ಕೊಳ್ಳಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಕೆಲವು ರೆಡ್ ಡಿಸ್ಕುಗಳು ಎಸ್‌ಎಂಆರ್ ಅಂತ ಗೊತ್ತಾಗಿ ದೊಡ್ಡ ಗಲಾಟೆ ಆಯ್ತು. ಸತ್ತ ಡಿಸ್ಕ್ ಬದಲಿಸಿ ಮತ್ತೆ ತುಂಬಿಸುವಾಗ ಅವು ತೆವಳ್ತವೆ.

ನಾಗಪುರದವರಿಗೆ ಒಂದು ಮಾತು. ಮೇನಲ್ಲಿ ಇಲ್ಲಿ 45 ಡಿಗ್ರಿ ದಾಟತ್ತೆ. ಸರ್ವರನ್ನ ಅಟ್ಟದ ಮೇಲೆ ಇಡಬೇಡಿ, ಕೂಲರಿನ ಎದುರಿಗಂತೂ ಬೇಡವೇ ಬೇಡ, ಆ ತೇವದ ಗಾಳಿ ಬೋರ್ಡಿಗೆ ಒಳ್ಳೇದಲ್ಲ. ಯುಪಿಎಸ್ ಹಾಕಿ, ಬ್ಯಾಟರಿ ಮುಗಿಯೋ ಮುಂಚೆ ಸರ್ವರ್ ತಾನೇ ಬಂದ್ ಆಗೋ ಹಾಗೆ ಮಾಡಿ. ಟ್ರೂನಾಸ್‌ನಲ್ಲಿ ಆ ಸೆಟ್ಟಿಂಗ್ ಇದೆ.

ಇಷ್ಟಾದರೂ ಇದು ಬ್ಯಾಕಪ್ ಅಲ್ಲ. 2023ರ ಸೆಪ್ಟೆಂಬರ್ 23ರ ಬೆಳಗಿನ ಜಾವ ಇಲ್ಲಿದ್ದವರಿಗೆ ನೆನಪಿರತ್ತೆ. ಕೆಲವೇ ಗಂಟೆಯಲ್ಲಿ 100 ಮಿಲಿಮೀಟರ್‌ಗಿಂತ ಹೆಚ್ಚು ಮಳೆ, ಅಂಬಾಝರಿ ಕೆರೆ ಉಕ್ಕಿ, ನಾಗ ನದಿ ಮನೆಯೊಳಗೆ ಬಂತು. ನನ್ನ ಸಹೋದ್ಯೋಗಿಯದು ನೆಲಮಹಡಿ. ಮಿರರ್ ಮಾಡಿದ ಎರಡೂ ಡಿಸ್ಕ್ ಒಂದೇ ಡಬ್ಬಿಯಲ್ಲಿ, ಒಂದೇ ನೀರಿನಲ್ಲಿ ಮುಳುಗಿದವು.

ಅದಕ್ಕೆ ಗದಗಿನಲ್ಲಿ ತಮ್ಮನ ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ, ಒಂದು ಡಿಸ್ಕ್ ಇಟ್ಟಿದ್ದೀನಿ. ರೆಸ್ಟಿಕ್ ದಿನಾ ರಾತ್ರಿ ಎನ್‌ಕ್ರಿಪ್ಟ್ ಮಾಡಿ ಅಲ್ಲಿಗೆ ಕಳಿಸತ್ತೆ. ಮೊದಲ ಸಲದ 1 ಟಿಬಿಯನ್ನ ನೆಟ್‌ನಲ್ಲಿ ಕಳಿಸಲಿಲ್ಲ. 50 ಎಂಬಿಪಿಎಸ್ ಪೂರ್ತಿ ಸಿಕ್ಕರೂ ಎರಡು ದಿನದ ಹತ್ತಿರ ಬೇಕು. ದೀಪಾವಳಿಗೆ ಹೋದಾಗ ಡಿಸ್ಕನ್ನೇ ಬ್ಯಾಗಿನಲ್ಲಿ ಒಯ್ದೆ. ನಮ್ಮ ಬ್ರಾಡ್‌ಬ್ಯಾಂಡ್‌ಗಳಲ್ಲಿ ಬಹಳಷ್ಟು ಸಿಜಿನ್ಯಾಟ್ ಹಿಂದೆ ಇರೋದ್ರಿಂದ ಎರಡೂ ಕಡೆ ಟೇಲ್‌ಸ್ಕೇಲ್ ಹಾಕಿದ್ದೀನಿ. ರೌಟರಿನಲ್ಲಿ ಪೋರ್ಟ್ ತೆರೆದು ಸರ್ವರನ್ನ ಬೀದಿಗೆ ಬಿಡಬೇಡಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ರ‍್ಯಾನ್ಸಮ್‌ವೇರ್ ಹಿಡಿದದ್ದು ಹಾಗೆ ಇಂಟರ್ನೆಟ್‌ಗೆ ತೆರೆದಿದ್ದ ಕ್ಯೂನ್ಯಾಪ್ ಡಬ್ಬಿಗಳನ್ನೇ.

ರೆಸ್ಟಿಕ್ ಪಾಸ್‌ವರ್ಡ್ ಕಳೆದ್ರೆ ಡೇಟಾ ಹೋದ ಹಾಗೆಯೇ. ಅದನ್ನ ಕಾಗದದ ಮೇಲೆ ಬರೆದು ಒಂದು ಹೆಂಡತಿಯ ಹತ್ತಿರ, ಒಂದು ಅತ್ತಿಯ ಟ್ರಂಕಿನಲ್ಲಿ ಇಟ್ಟಿದ್ದೀನಿ. ತಿಂಗಳ ಮೊದಲ ಭಾನುವಾರ ಗದಗಿನ ಕಾಪಿಯಿಂದ ಒಂದು ಫೋಲ್ಡರ್ ವಾಪಸ್ ತಂದು, ತೆರೆದು ನೋಡ್ತೀನಿ. 2017ರಲ್ಲಿ ಗಿಟ್‌ಲ್ಯಾಬ್‌ನವರು ತಪ್ಪಿ ಡೇಟಾಬೇಸ್ ಅಳಿಸಿಕೊಂಡಾಗ ಬ್ಯಾಕಪ್ ವ್ಯವಸ್ಥೆ ಒಂದಲ್ಲ, ಹಲವು ಇದ್ದವು, ಆ ಹೊತ್ತಿಗೆ ಒಂದೂ ನೆಟ್ಟಗೆ ಕೆಲಸ ಮಾಡಲಿಲ್ಲ. ಕೊನೆಗೆ ಉಳಿಸಿದ್ದು ಯಾರೋ ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಕಾಪಿ.

ಅತ್ತಿಗೆ ಹೊಸ ಪೆನ್ ಡ್ರೈವ್ ಕೊಟ್ಟು ಹಳೇದನ್ನ ಕೇಳಿದೆ. "ಅದು ಚಲೋ ನಡದೈತಿ, ಇರಲಿ ಬಿಡು" ಅಂದರು, ಕೊಡಲಿಲ್ಲ. ಸರಿ, ಪ್ರಶ್ನೆ ಇದ್ರೆ ಕೇಳಿ.