ಕಾಣದ ಗಾಯಕ್ಕೂ ಲೆಕ್ಕ ಬೇಕು

(ಅರಸೀಕೆರೆಯಲ್ಲಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಕ್ಕದ ಗರುಡಗಂಬವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ವೀರಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರ ಲಕ್ಷ್ಮನ ನೆನಪಿನ ಕಂಬ ಅದು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಅಲ್ಲಿ ಕೊರೆದಿದ್ದಾರೆ. ಸತ್ತವನಿಗೆ ಕಲ್ಲು ನಿಲ್ಲಿಸುವುದನ್ನು ನಮ್ಮ ನಾಡು ಚೆನ್ನಾಗಿ ಬಲ್ಲದು. ತಲೆಗೆ ಪೆಟ್ಟು ತಿಂದು ಜೀವಂತ ಮನೆಗೆ ಬಂದವನನ್ನು ನೋಡಿಕೊಳ್ಳುವುದನ್ನು ಮಾತ್ರ ಇನ್ನೂ ಕಲಿತಿಲ್ಲ.

ಕೈ ಕಳೆದುಕೊಂಡವನ ನಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಸ್ಫೋಟದ ಒತ್ತಡದ ಅಲೆ ತಲೆಬುರುಡೆಯನ್ನು ಒಡೆಯದೆಯೇ ಮಿದುಳಿಗೆ ಗಾಯ ಮಾಡಬಲ್ಲುದು. ಎಷ್ಟೋ ವೇಳೆ ಅದು ಸ್ಕ್ಯಾನಿನಲ್ಲಿಯೂ ಕಾಣದು. ತಲೆನೋವು, ಮರೆವು, ನಿದ್ರಾಹೀನತೆ, ಮುಂಗೋಪ ಉಳಿಯುತ್ತವೆ. ಗೇಟು ಕಾಯುವ ಕೆಲಸಕ್ಕೆ ಸೇರಿದ ಮಾಜಿ ಸೈನಿಕ ಬೀಗದ ಕೈ ಎಲ್ಲಿಟ್ಟೆನೆಂದು ಮರೆತರೆ ಧಣಿ ಕೆಲಸದಿಂದ ತೆಗೆಯುತ್ತಾನೆ, ನೆರೆಯವರು ಕುಡುಕನೆನ್ನುತ್ತಾರೆ, ಹೆಂಡತಿಯೊಬ್ಬಳೇ ಎಲ್ಲವನ್ನೂ ಹೊರುತ್ತಾಳೆ.

1915ರಲ್ಲಿ ವೈದ್ಯ ಚಾರ್ಲ್ಸ್ ಮೈಯರ್ಸ್ ‘ಶೆಲ್ ಶಾಕ್’ ಕುರಿತು ಬರೆದರು. ಆ ಮಹಾಯುದ್ಧದಲ್ಲಿ ಪಲಾಯನ, ಹೇಡಿತನ ಮೊದಲಾದ ಆರೋಪಗಳ ಮೇಲೆ ಬ್ರಿಟಿಷ್ ಸೈನ್ಯ ಗುಂಡಿಕ್ಕಿದ 306 ಮಂದಿಗೆ ಕ್ಷಮೆ ದೊರೆತದ್ದು 2006ರಲ್ಲಿ! 2016ರಲ್ಲಿ ಅಮೆರಿಕದ ಸಂಶೋಧಕರು, ಸ್ಫೋಟಕ್ಕೆ ಸಿಕ್ಕಿದ್ದ ಸೈನಿಕರ ಮಿದುಳುಗಳನ್ನು ಅವರ ಮರಣಾನಂತರ ಪರೀಕ್ಷಿಸಿ, ಅವುಗಳಲ್ಲಿ ವಿಶಿಷ್ಟವಾದ ಕಲೆಗಳನ್ನು ಕಂಡರು. ನೂರು ವರ್ಷ ‘ನೆಪ’ವೆನಿಸಿಕೊಂಡ ಬೇನೆಗೆ ಆಗ ಸಾಕ್ಷಿ ಸಿಕ್ಕಿತು.

ಸಾಕ್ಷಿಯ ಬೆಲೆ ಏನೆಂದು ಬಡವನಿಗೆ ಗೊತ್ತು. ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯನ್ನು ಮೂರ್ಛೆರೋಗದ ಕಾರಣ ಸೈನ್ಯ ಮನೆಗೆ ಕಳಿಸಿತು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಅಂಗವೈಕಲ್ಯ ಪಿಂಚಣಿ ನಿರಾಕರಿಸಲಾಯಿತು. ಸೇರುವಾಗ ದಾಖಲಾಗದ ರೋಗ ಸೇವೆಯಿಂದಲೇ ಬಂದುದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಒಳ್ಳೆಯ ತೀರ್ಪು. ಆದರೆ ಬೇಲೂರು ತಾಲ್ಲೂಕಿನ ಸಿಪಾಯಿಯೊಬ್ಬ ದೆಹಲಿಯವರೆಗೆ ವಕೀಲರಿಗೆ ಫೀಜು ಕಟ್ಟಬಲ್ಲನೆ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಸ್ಥಾಪನೆಯಾದ ಮಿದುಳು ಸಂಗ್ರಹಾಲಯವಿದೆ. ಮರಣಾನಂತರ ಮಿದುಳನ್ನು ಅಲ್ಲಿ ದಾನ ಮಾಡಬಹುದು. ಇಂಥ ಸಂಸ್ಥೆಗೆ ಹಣ ಒದಗಿಸಿ ಎಂದು ಕೇಳುವುದು ಭಿಕ್ಷೆಯಲ್ಲ. ಅಲ್ಲಿ ದೊರೆಯುವ ಜ್ಞಾನ ಸೈನಿಕನೊಬ್ಬನಿಗೇ ಮೀಸಲೂ ಅಲ್ಲ. ತೆಂಗಿನಮರದಿಂದ ಬಿದ್ದವನ ತಲೆಯೂ, ಕೊಬ್ಬರಿ ಮೂಟೆ ಹೇರುವಾಗ ಲಾರಿಯಿಂದ ಜಾರಿದ ಹಮಾಲಿಯ ತಲೆಯೂ ಅದೇ ಮೂಳೆ, ಅದೇ ನರ.

ಆದುದರಿಂದ ನಮ್ಮ ಬೇಡಿಕೆ ಮೂರು. ಸ್ಫೋಟಕ್ಕೆ ಅಥವಾ ತಲೆಪೆಟ್ಟಿಗೆ ಸಿಕ್ಕ ಪ್ರತಿಯೊಬ್ಬ ಸೈನಿಕನ ದಾಖಲೆ ಇಟ್ಟು, ಅದರ ಪ್ರತಿಯನ್ನು ಅವನ ಕೈಗೆ ಕೊಡಬೇಕು. ನಿವೃತ್ತಿಯ ನಂತರವೂ ಜಿಲ್ಲಾ ಕೇಂದ್ರದಲ್ಲಿಯೇ ಉಚಿತ ತಪಾಸಣೆ ನಡೆಯಬೇಕು. ಸಂಶೋಧನೆಗೆ ಬಜೆಟ್ಟಿನಲ್ಲಿ ಪ್ರತ್ಯೇಕ ಹಣವಿರಬೇಕು.

ಡಿಸೆಂಬರ್ 7ರ ಧ್ವಜ ದಿನದಂದು ಡಬ್ಬಿಗೆ ಕಾಸು ಹಾಕುವವರು ನೀವು. ಈ ಸಲ ಕಾಸಿನ ಜೊತೆಗೆ ಈ ಮೂರು ಬೇಡಿಕೆಗಳ ಅರ್ಜಿಗೆ ರುಜುವನ್ನೂ ಹಾಕಿರಿ. ರುಜು ಹಾಕಲು ಬಾರದವರು ಹೆಬ್ಬೆಟ್ಟು ಒತ್ತಿರಿ. ಅದಕ್ಕೂ ಅಷ್ಟೇ ಬೆಲೆಯಿದೆ.