ಗಣಕಜಾಲಕ್ಕೂ ಒಬ್ಬ ರಾಯಭಾರಿ!
(ಯುವಕರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ)



ಅಮೆರಿಕದ ಸಂಸತ್ತಿಗೆ ಬಂದ ಒಂದು ಮಸೂದೆಯ ಬಗ್ಗೆ ಮಾತಾಡಲು ಬಂದಿದ್ದೇನೆ ಎಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಅವರ ಮಸೂದೆ ಕಟ್ಟಿಕೊಂಡು ನಮಗೇನಾಗಬೇಕು ಎಂದು ಕೇಳುವುದೂ ಸಹಜ. ಸ್ವಲ್ಪ ತಾಳಿ. ಆ ಮಸೂದೆಯೊಳಗೆ ನಮ್ಮ ದೇಶದ ಹೆಸರೂ ಇತ್ತು!

2011ರಲ್ಲಿ ಅಮೆರಿಕದ ವಿದೇಶಾಂಗ ಖಾತೆ ಸೈಬರ್ ವಿಷಯಗಳಿಗೆಂದೇ ಒಂದು ಪುಟ್ಟ ಕಚೇರಿ ತೆರೆಯಿತು. ಕ್ರಿಸ್ಟೋಫರ್ ಪೇಂಟರ್ ಅದರ ಮುಖ್ಯಸ್ಥರು. ಬೇರೆ ದೇಶಗಳೊಡನೆ ಕೂತು, ಶಾಂತಿಕಾಲದಲ್ಲಿ ಒಬ್ಬರ ವಿದ್ಯುತ್ ಜಾಲಕ್ಕೆ ಇನ್ನೊಬ್ಬರು ಕೈಹಾಕಬಾರದು ಎಂಬಂಥ ನಿಯಮಗಳಿಗೆ ಒಪ್ಪಿಸುವುದು ಅವರ ಕೆಲಸ. ಆದರೆ ಈ ಕಚೇರಿಗೆ ಕಾನೂನಿನ ಬುಡ ಇರಲಿಲ್ಲ. ಮಂತ್ರಿಯ ಮರ್ಜಿಯಿಂದ ಹುಟ್ಟಿದ್ದು ಮಂತ್ರಿಯ ಮರ್ಜಿಯಿಂದಲೇ ಸಾಯಬಹುದಾಗಿತ್ತು.

ಹಾಗೇ ಆಯಿತು. 2017ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಪಿಡುಗು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಗಣಕಯಂತ್ರಗಳನ್ನೇ ಬಂದ್ ಮಾಡಿ, ದುಡ್ಡು ಕೊಡಿ ಎಂದಿತು. ಜೂನ್‌ನಲ್ಲಿ ವಿಶ್ವಸಂಸ್ಥೆಯ ತಜ್ಞರ ಮಾತುಕತೆ ಒಮ್ಮತವಿಲ್ಲದೆ ಮುರಿದುಬಿತ್ತು. ಇಂಥ ಹೊತ್ತಿನಲ್ಲೇ ಪೇಂಟರ್ ಹುದ್ದೆ ಬಿಟ್ಟರು. ಆಗಸ್ಟ್‌ನಲ್ಲಿ ವಿದೇಶಾಂಗ ಮಂತ್ರಿ ಟಿಲ್ಲರ್‌ಸನ್, ಆ ಕಚೇರಿಯನ್ನು ಆರ್ಥಿಕ ವ್ಯವಹಾರಗಳ ವಿಭಾಗದೊಳಗೆ ಸೇರಿಸುತ್ತೇವೆ ಎಂದು ಪತ್ರ ಬರೆದರು. ಮನೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ಠಾಣೆಯನ್ನು ತೆರಿಗೆ ಕಚೇರಿಗೆ ಸೇರಿಸಿದ ಹಾಗೆ!

ಆಗ ಅಲ್ಲಿನ ಕೆಳಮನೆಯಲ್ಲಿ ಎಡ್ ರಾಯ್ಸ್, ಎಲಿಯಟ್ ಎಂಗೆಲ್ ಎಂಬ ಇಬ್ಬರು ಸದಸ್ಯರು ಸೇರಿ 'ಸೈಬರ್ ಡಿಪ್ಲೊಮಸಿ ಆಕ್ಟ್' ಎಂಬ ಮಸೂದೆ ತಂದರು. ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮಾಕ್ರಾಟ್. ಹೀಗೆ ಪಕ್ಷ ಮರೆತು ಕೂಡುವುದನ್ನು ನಮ್ಮವರು ಕಾವೇರಿ ವಿಷಯದಲ್ಲಾದರೂ ಕಲಿತರೆ ಸಾಕು! ಕಚೇರಿ ಕಾನೂನಿನಲ್ಲೇ ಇರಬೇಕು, ಮುಖ್ಯಸ್ಥರಿಗೆ ರಾಯಭಾರಿಯ ದರ್ಜೆ ಬೇಕು, ಅವರನ್ನು ಮೇಲ್ಮನೆ ಒಪ್ಪಬೇಕು ಎಂದು ಅದರಲ್ಲಿತ್ತು. ಇನ್ನೊಂದು ಕಲಮು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅಧ್ಯಕ್ಷರು ಬೇರೆ ದೇಶಗಳೊಡನೆ ಸೈಬರ್ ವಿಷಯದಲ್ಲಿ ಏನೇ ಏರ್ಪಾಡು ಮಾಡಿಕೊಂಡರೂ ಅದರ ಪಠ್ಯವನ್ನು ಸಂಸತ್ತಿಗೆ ಒಪ್ಪಿಸಬೇಕು. ಆಗಲೇ ಆಗಿದ್ದವುಗಳ ಲೆಕ್ಕವನ್ನೂ ಕೊಡಬೇಕು. ಆ ಪಟ್ಟಿಯಲ್ಲಿ ಚೀನಾ, ಬ್ರಿಟನ್, ಜಪಾನ್ ಜೊತೆಗೆ 2016ರ ಜೂನ್ 7ರಂದು ಭಾರತದೊಡನೆ ಪ್ರಕಟವಾದ ಏರ್ಪಾಡೂ ಸೇರಿತ್ತು.

ಮಸೂದೆ 2018ರ ಜನವರಿಯಲ್ಲಿ ಕೆಳಮನೆ ದಾಟಿತು, ಮೇಲ್ಮನೆಯಲ್ಲಿ ನಿಂತಿತು. 2019ರಲ್ಲಿ ಮತ್ತೆ ಬಂತು. 2021ರ ಏಪ್ರಿಲ್‌ನಲ್ಲಿ ಮತ್ತೆ ಕೆಳಮನೆಯ ಒಪ್ಪಿಗೆ ಪಡೆಯಿತು. ಕೊನೆಗೆ 2022ರ ಏಪ್ರಿಲ್ 4ರಂದು ವಿದೇಶಾಂಗ ಖಾತೆಯೇ ಪೂರ್ಣ ಪ್ರಮಾಣದ ಸೈಬರ್ ವಿಭಾಗ ತೆರೆಯಿತು. ಸೆಪ್ಟೆಂಬರ್‌ನಲ್ಲಿ ನಥಾನಿಯಲ್ ಫಿಕ್ ಅದರ ಮೊದಲ ರಾಯಭಾರಿಯಾದರು. ಅದೇ ಡಿಸೆಂಬರ್‌ನಲ್ಲಿ ರಕ್ಷಣಾ ವೆಚ್ಚದ ಕಾಯಿದೆಯೊಳಗೆ ಸೇರಿಸಿ ವಿಭಾಗಕ್ಕೆ ಶಾಸನದ ಆಸರೆ ಕೊಟ್ಟರು. ಐದು ವರ್ಷ ಜಗ್ಗಾಡಿದರು ನೋಡಿ.

ಈಗ ನಮ್ಮ ಕಡೆಗೆ ಬನ್ನಿ. ನಮ್ಮ ಸಂವಿಧಾನದಲ್ಲಿ ವಿದೇಶಿ ಒಪ್ಪಂದ ಕೇಂದ್ರದ ಕೈಯಲ್ಲಿದೆ. 73ನೇ ವಿಧಿಯ ಬಲದಿಂದ ಸರ್ಕಾರ ಸಹಿ ಹಾಕುತ್ತದೆ. ಜಾರಿಗೆ ಕಾನೂನು ಬೇಕಾದಾಗ ಮಾತ್ರ 253ನೇ ವಿಧಿಯಡಿ ಸಂಸತ್ತಿಗೆ ಬರುತ್ತದೆ. ಸಹಿಗೆ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ಕಟ್ಟಳೆ ಇಲ್ಲ. ಅಂದರೆ ಅದೇ 2016ರ ಏರ್ಪಾಡಿನ ಲೆಕ್ಕ ಕೊಡಿ ಎಂದು ಅವರ ಜನಪ್ರತಿನಿಧಿಗಳು ಮಸೂದೆಯಲ್ಲೇ ಬರೆದರು. ನಮ್ಮವರ ಕೈಯಲ್ಲಿ ಅಂಥ ಹಕ್ಕಿನ ಚೀಟಿ ಇರಲಿಲ್ಲ!

ಇದರಿಂದ ನಮಗೇನು ನಷ್ಟ? ದೇಶದ ಮೊದಲ ಸೈಬರ್ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಆಯಿತು. ನಿಮ್ಮ ತಂಗಿಯ ಹೆಸರಿನಲ್ಲಿ ಯಾರೋ ಕಳ್ಳ ಖಾತೆ ತೆರೆದು ಚಿತ್ರ ಕಳಿಸಿ ಬೆದರಿಸುತ್ತಾನೆ ಎಂದುಕೊಳ್ಳಿ. ನಮ್ಮ 2000ದ ಐ.ಟಿ. ಕಾಯಿದೆಯ 75ನೇ ಕಲಮು ಹೊರದೇಶದಲ್ಲಿ ಕೂತವನಿಗೂ ಅನ್ವಯಿಸುತ್ತದೆ. ಕಾಗದದ ಮೇಲೆ ನಮ್ಮ ಕೈ ಬಹಳ ಉದ್ದ! ಆದರೆ ಮಾಹಿತಿ ಇರುವುದು ಅಮೆರಿಕದ ಕಂಪನಿಯ ಹತ್ತಿರ. ಖಾತೆ ಯಾರದೆಂಬ ವಿವರ ಕಂಪನಿ ತಾನೇ ಕೊಡಬಹುದು. ಒಳಗಿನ ಪತ್ರ, ಚಿತ್ರಗಳನ್ನು ಕೊಡಲು ಅವರ 1986ರ ಕಾನೂನು ಬಿಡುವುದಿಲ್ಲ. ಹಾಗಾಗಿ ಠಾಣೆಯ ಕೋರಿಕೆ ದೆಹಲಿಯ ಗೃಹ ಖಾತೆಗೆ, ಅಲ್ಲಿಂದ ಅಮೆರಿಕದ ನ್ಯಾಯ ಖಾತೆಗೆ, ಅಲ್ಲಿಂದ ಅವರ ನ್ಯಾಯಾಲಯಕ್ಕೆ ಹೋಗಬೇಕು. 2001ರಲ್ಲಿ ಸಹಿಯಾಗಿ 2005ರಲ್ಲಿ ಜಾರಿಗೆ ಬಂದ ಪರಸ್ಪರ ನೆರವಿನ ಒಪ್ಪಂದ ಹಾಕಿಕೊಟ್ಟ ದಾರಿ ಇದು. ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಆ ಹುಡುಗಿ ಕಾಲೇಜು ಬಿಟ್ಟಿರುತ್ತಾಳೆ.

2018ರ ಮಾರ್ಚ್‌ನಲ್ಲಿ ಅಮೆರಿಕ 'ಕ್ಲೌಡ್' ಕಾಯಿದೆ ಮಾಡಿ, ಒಪ್ಪಂದ ಮಾಡಿಕೊಂಡ ದೇಶದ ಪೊಲೀಸರು ನೇರವಾಗಿ ಕಂಪನಿಯನ್ನು ಕೇಳಬಹುದು ಎಂದಿತು. ಬ್ರಿಟನ್, ಆಸ್ಟ್ರೇಲಿಯಾಗಳು ಆ ಬಾಗಿಲಿನಿಂದ ಒಳಹೋದವು. ಆದರೆ ನಾಗರಿಕರ ಗುಟ್ಟಿಗೆ ರಕ್ಷಣೆ ಇರುವ ದೇಶಕ್ಕಷ್ಟೇ ಈ ಸೌಲಭ್ಯ. ಆ ಷರತ್ತು ತಪ್ಪು ಎಂದು ನಾನು ಹೇಳಲಾರೆ. ಒಂದು ಸಾಲು ಬರೆದಿದ್ದಕ್ಕೇ ಹುಡುಗರನ್ನು ಹಿಡಿಯುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದುಮಾಡಬೇಕಾಯಿತಲ್ಲ! ಪೊಲೀಸರಿಗೆ ಬಾಗಿಲು ತೆರೆಯುವಾಗ ಚಿಲಕ ಯಾರ ಕೈಯಲ್ಲಿದೆ ಎಂದು ನಾವೂ ಕೇಳಬೇಕು.

ಲೋಕಸಭೆಯಲ್ಲಿ ನಮ್ಮವರು 28, ರಾಜ್ಯಸಭೆಯಲ್ಲಿ 12. ನಿಮ್ಮ ಕ್ಷೇತ್ರದ ಸದಸ್ಯರಿಗೆ ಈ ವಾರವೇ ಪತ್ರ ಬರೆಯಿರಿ. ಅಮೆರಿಕದೊಡನೆ ಮಾಹಿತಿ ಒಪ್ಪಂದದ ಮಾತುಕತೆ ಎಲ್ಲಿಗೆ ಬಂತು? ಕರ್ನಾಟಕದ ಠಾಣೆಗಳಿಂದ ಹೋದ ಕೋರಿಕೆಗಳೆಷ್ಟು, ಉತ್ತರ ಬಂದವೆಷ್ಟು? ಇವೆರಡನ್ನು ಸದನದಲ್ಲಿ ಕೇಳಲಿ. ಹಿಂದಿ, ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಸಭಾಧ್ಯಕ್ಷರ ಅನುಮತಿಯಿಂದ ತಾಯ್ನುಡಿಯಲ್ಲಿ ಮಾತಾಡಲು 120ನೇ ವಿಧಿ ದಾರಿ ಕೊಟ್ಟಿದೆ. ಆ ನೆಪವೂ ಬೇಡ. ಬಂದ ಉತ್ತರವನ್ನು ನಮಗೂ ಕಳಿಸಿ, ಇದೇ ಪತ್ರಿಕೆಯಲ್ಲಿ ಅಚ್ಚುಹಾಕೋಣ.